ಕಾಲಜ್ಞಾನವೂ ಶಾಸನವಾಕ್ಯವೂ

ಪೆನುಗೊಂಡೆಯ ಕೋಟೆಯನ್ನು ತೋರಿಸಬೇಕೆಂದು ನಾವು ಒಮ್ಮೆ ಮಡಕಶಿರದ ಕನ್ನಡ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಗಗನಮಹಲಿನ ಬಳಿ ನೆರಳು ನೋಡಿ ಕುಳಿತು, ಬುತ್ತಿಯನ್ನು ಬಿಚ್ಚುವ ಮೊದಲು, ವಿಜಯನಗರದ ಕಥೆಯನ್ನು ಎಲ್ಲ ಉಪಾಧ್ಯಾಯರೂ ಹೇಳುವಂತೆಯೇ ನಾವೂ ಹೇಳಿದೆವು. ತುಂಗಭದ್ರೆಯ ದಡದ ಕಾಡಿನಲ್ಲಿ ಹಕ್ಕಬುಕ್ಕರು ಬೇಟೆಯಾಡುತ್ತಿದ್ದುದು, ಮೊಲವೊಂದು ಬೇಟೆನಾಯಿಗಳನ್ನೇ ತಿರುಗಿ ಅಟ್ಟಿದುದು, ಆ ಸೋಜಿಗವನ್ನು ಕೇಳಿದ ವಿದ್ಯಾರಣ್ಯರು ಅದು ವೀರಭೂಮಿಯೆಂದು ತಿಳಿದು ಅಲ್ಲಿಯೇ ನಗರವನ್ನು ಕಟ್ಟಿಸಿದುದು, ಮುಂದೆ ಆಳತಕ್ಕ ಅರಸರ ಪರಂಪರೆಯನ್ನೂ ಮುನ್ನವೇ ನುಡಿದುದು, ಇಷ್ಟನ್ನೂ ಹೇಳಿ ಮುಗಿಸಿದಾಗ ಏಳನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು ಕೇಳಿದನು: “ಸಾರ್, ಮುಂದಾಗುವುದೆಲ್ಲ ಅವರಿಗೆ ಗೊತ್ತಿದ್ದರೆ ಹಂಪೆ ಹಾಳಾಗುವುದೂ ಗೊತ್ತಿರಬೇಕಲ್ಲ? ಮತ್ತೆ ಯಾಕೆ ತಪ್ಪಿಸಲಿಲ್ಲ?”

ಮಕ್ಕಳೆಲ್ಲ ನಕ್ಕರು. ನಮಗೆ ನಗೆ ಬರಲಿಲ್ಲ. “ದೈವೇಚ್ಛೆ ಹಾಗಿತ್ತಪ್ಪ” ಎಂದು ಹೇಳಿ ಅವರನ್ನು ಊಟಕ್ಕೆ ಕುಳ್ಳಿರಿಸಿದೆವು. ಅದು ಉತ್ತರವಲ್ಲವೆಂಬುದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಅಂದು ಕೊಡದೆ ಉಳಿದ ಆ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇವೆ. ಭವಿಷ್ಯವಾಣಿಗೂ ದೈವಾನುಗ್ರಹಕ್ಕೂ ಸಾಮ್ರಾಜ್ಯಗಳ ವೈಭವಕ್ಕೂ ಇರುವ ಸಂಬಂಧವೇನು ಎಂಬುದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ಚರಿತ್ರೆಯ ಪಾಠವನ್ನು ಹೇಳುವ ಪ್ರತಿಯೊಬ್ಬ ಉಪಾಧ್ಯಾಯನೂ ಒಂದಲ್ಲ ಒಂದು ದಿನ ಇದನ್ನು ಎದುರಿಸಲೇಬೇಕು.

ಮೊದಲು ಗಮನಿಸತಕ್ಕ ಸಂಗತಿಯೊಂದಿದೆ. ಮುನಿ, ವೀರಯುವಕ, ಒಂದು ಅದ್ಭುತ, ಅದರ ಹಿಂದೆಯೇ ರಾಜ್ಯಲಾಭ ಎಂಬ ಈ ಕಥೆ ವಿಜಯನಗರಕ್ಕೆ ಮಾತ್ರ ಸೇರಿದ್ದಲ್ಲ. ಹೊಯ್ಸಳರ ಮೂಲವನ್ನು ಹೇಳುವಾಗ ಸೊಸೆವೂರಿನಲ್ಲಿ ಮುನಿಯ ಮಾತನ್ನು ಕೇಳಿ ಹುಲಿಯನ್ನು ಹೊಡೆದ ಸಳನ ಕಥೆ ಬರುತ್ತದೆ. ಗಂಗರ ಮೂಲವನ್ನು ಹೇಳುವಾಗ ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರು ದಡಿಗ ಮಾಧವರೆಂಬ ಸೋದರರಿಗೆ ರಾಜ್ಯವನ್ನು ದೊರಕಿಸಿಕೊಟ್ಟ ಕಥೆ ಬರುತ್ತದೆ. ಕ್ರಿ.ಶ. ೧೩೪೭ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಹಸನನಿಗೂ ಇಂಥ ಕಥೆಯಿದೆ. ದೆಹಲಿಯ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯು ಅವನು ದೊರೆಯಾಗುವನೆಂದು ಮೊದಲೇ ನುಡಿದಿದ್ದನಂತೆ. ಹಿಂದೂ ರಾಜ್ಯಕ್ಕೊಂದು ಕಥೆ, ಮುಸಲ್ಮಾನ ರಾಜ್ಯಕ್ಕೊಂದು ಕಥೆ ಎಂಬ ಭೇದವೂ ಇಲ್ಲಿಲ್ಲ. ಅಚ್ಚು ಒಂದೇ, ಅದರಲ್ಲಿ ಎರೆದ ಲೋಹ ಮಾತ್ರ ಬೇರೆ.

ಎರಡನೆಯದಾಗಿ, ಘಟನೆ ನಡೆದ ಕಾಲಕ್ಕೂ ಕಥೆ ಬರಹಕ್ಕೆ ಬಂದ ಕಾಲಕ್ಕೂ ಇರುವ ಅಂತರವನ್ನು ಅಳೆಯಬೇಕು. ಗಂಗರ ರಾಜ್ಯ ಹುಟ್ಟಿದ್ದು ನಾಲ್ಕನೆಯ ಶತಮಾನದಲ್ಲಿ. ಸಿಂಹನಂದಿಯ ಕಥೆಯನ್ನು ವಿಸ್ತಾರವಾಗಿ ಹೇಳುವ ಶಿವಮೊಗ್ಗದ ಕಡೆಯ ಕಲ್ಲೂರುಗುಡ್ಡದ ಶಾಸನ ಹನ್ನೆರಡನೆಯ ಶತಮಾನದ್ದು. ಗಂಗು ಬ್ರಾಹ್ಮಣನ ಕಥೆಯನ್ನು ಪ್ರಚುರಪಡಿಸಿದ ಫೆರಿಷ್ತನು ಬಿಜಾಪುರದಲ್ಲಿ ಕುಳಿತು ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ. ಹಸನನಾದರೋ ತನ್ನನ್ನು ಪುರಾತನ ಪಾರಸಿಕ ವೀರನಾದ ಬಹಮನನ ವಂಶದವನೆಂದು ಹೇಳಿಕೊಂಡನೇ ಹೊರತು ಯಾವ ಜ್ಯೋತಿಷಿಯ ಋಣವನ್ನೂ ಸ್ಮರಿಸಲಿಲ್ಲ. ಆದುದರಿಂದ ಇತ್ತೀಚಿನ ಚರಿತ್ರಕಾರರು ಆ ಕಥೆಯನ್ನು ಒಪ್ಪುವುದಿಲ್ಲ.

ಈಗ ವಿಜಯನಗರದ ಮಾತಿಗೆ ಬರೋಣ. ಕ್ರಿ.ಶ. ೧೩೩೬ ನಮ್ಮ ಪಠ್ಯಪುಸ್ತಕಗಳಲ್ಲಿ ನಿಂತುಬಿಟ್ಟಿರುವ ವರ್ಷ. ಆ ತೇದಿಯನ್ನು ಹೊತ್ತು, ವಿದ್ಯಾರಣ್ಯರ ಹೆಸರನ್ನೂ ಹೇಳುವ ತಾಮ್ರಶಾಸನಗಳು ನಮ್ಮ ನೆರೆಯ ಬಾಗೇಪಲ್ಲಿಯಿಂದಲೂ ಕಪಲೂರಿನಿಂದಲೂ ಪ್ರಕಟವಾಗಿವೆ. ಆದರೆ ಅವು ಆ ಕಾಲದವಲ್ಲ, ತರುವಾಯ ಸೃಷ್ಟಿಸಿದ ಕೂಟಶಾಸನಗಳು ಎಂಬುದು ಹಲವು ವಿದ್ವಾಂಸರ ನಿರ್ಣಯ. ನಿಸ್ಸಂದೇಹವಾಗಿ ಆ ಕಾಲದ್ದೇ ಆದ ಶಾಸನವೆಂದರೆ ಶೃಂಗೇರಿಯ ೧೩೪೬ರದು. ಹರಿಹರನೂ ಅವನ ಸೋದರರೂ ಶೃಂಗೇರಿಯಲ್ಲಿ ಒಟ್ಟುಗೂಡಿ, ತಮ್ಮ ವಿಜಯದ ಸ್ಮರಣೆಗಾಗಿ ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂಮಿಯನ್ನು ದತ್ತಿಬಿಟ್ಟ ಸಂಗತಿ ಅದರಲ್ಲಿದೆ. ಮೊಲವಿಲ್ಲ, ಭವಿಷ್ಯವಾಣಿಯಿಲ್ಲ, ವಿದ್ಯಾರಣ್ಯರ ಹೆಸರೂ ಇಲ್ಲ. ವಿದ್ಯಾರಣ್ಯರು ಶೃಂಗೇರಿಯ ಪೀಠವನ್ನು ಅಲಂಕರಿಸಿದ್ದು ಸುಮಾರು ೧೩೭೫ರಿಂದ ೧೩೮೬ರವರೆಗೆ. ಆ ವೇಳೆಗೆ ರಾಜ್ಯ ಹುಟ್ಟಿ ಒಂದು ತಲೆಮಾರು ಕಳೆದಿತ್ತು.

ಮೊಲದ ಕಥೆಯನ್ನು ಬರೆದಿಟ್ಟವರಲ್ಲಿ ಪ್ರಸಿದ್ಧನಾದವನು ಪೋರ್ಚುಗೀಸರ ನೂನಿಜ್. ಅವನು ಬರೆದದ್ದು ಸುಮಾರು ೧೫೩೫ರಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ, ರಾಜ್ಯಸ್ಥಾಪನೆಯಾಗಿ ಇನ್ನೂರು ವರ್ಷಗಳಾದ ಮೇಲೆ. ರಾಬರ್ಟ್ ಸ್ಯೂವೆಲ್ ಎಂಬ ಅಧಿಕಾರಿಯು ೧೯೦೦ರಲ್ಲಿ ನೂನಿಜನ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಅದು ಎಲ್ಲ ಚರಿತ್ರೆಯ ಪುಸ್ತಕಗಳಿಗೂ ಹರಿಯಿತು. ಜನರ ಬಾಯಲ್ಲಿ ಬೆಳೆದ ಕಥೆ ಹೀಗೆ ಪರದೇಶದ ಪ್ರವಾಸಿಯ ಕೈಯಿಂದ ನಮ್ಮ ಶಾಲೆಯ ಹಲಗೆಗೆ ಬಂದಿದೆ.

ಇನ್ನು ಕಾಲಜ್ಞಾನವೆಂದರೇನು? ಮುಂದೆ ನಡೆಯತಕ್ಕ ಸಂಗತಿಗಳನ್ನು ಮಹಾತ್ಮನೊಬ್ಬನು ಮೊದಲೇ ನುಡಿದನೆಂದು ಭವಿಷ್ಯತ್ಕಾಲದಲ್ಲಿ ಬರೆಯುವ ಗ್ರಂಥಜಾತಿಗೆ ಆ ಹೆಸರು. ವಿದ್ಯಾರಣ್ಯರ ಹೆಸರಿನಲ್ಲಿ ಸಂಸ್ಕೃತದ ಕಾಲಜ್ಞಾನಗಳಿವೆ. ಕನ್ನಡದಲ್ಲಿ ವೀರಶೈವ ಪರಂಪರೆಯ ಕಾಲಜ್ಞಾನಗಳು ಹೇರಳವಾಗಿವೆ. ಕೊಡೇಕಲ್ಲಿನ ಬಸವಣ್ಣನ ಹೆಸರನ್ನು ಅರಿಯದವರು ಉತ್ತರ ಕರ್ನಾಟಕದಲ್ಲಿ ವಿರಳ. ನಮ್ಮ ಸೀಮೆಯಲ್ಲಂತೂ ತೆಲುಗಿನ ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನವನ್ನು ಕೇಳದ ಊರಿಲ್ಲ. ಈ ಗ್ರಂಥಗಳ ಗುಟ್ಟು ಒಂದೇ. ಒಂದು ಘಟ್ಟದವರೆಗೆ ಇವುಗಳ ಭವಿಷ್ಯ ಬೆರಗಾಗುವಷ್ಟು ಸರಿಹೋಗುತ್ತದೆ. ಆ ಘಟ್ಟ ಕಳೆದ ಕೂಡಲೇ ಮಾತು ಮಸುಕಾಗುತ್ತದೆ, ತಪ್ಪುತ್ತದೆ. ಎಲ್ಲಿಯವರೆಗೆ ಸರಿಯೋ ಅಲ್ಲಿಯವರೆಗೆ ಬರೆದವನು ಕಂಡು ಕೇಳಿದ್ದು, ಮುಂದಿನದು ಅವನು ಹಾರೈಸಿದ್ದು ಅಥವಾ ಅಂಜಿದ್ದು. ಆದುದರಿಂದ ಭವಿಷ್ಯವಾಣಿ ತಪ್ಪತೊಡಗುವ ತಾಣವೇ ಅದು ಹುಟ್ಟಿದ ಕಾಲವನ್ನು ತೋರಿಸುವ ತೇದಿ.

ಇದು ನಮ್ಮ ದೇಶದ ಪುರಾತನ ಪದ್ಧತಿ. ಮತ್ಸ್ಯ, ವಾಯು, ವಿಷ್ಣು ಮೊದಲಾದ ಪುರಾಣಗಳಲ್ಲಿ ನಂದರು, ಮೌರ್ಯರು, ಆಂಧ್ರರು ಮುಂದೆ ಆಳುವರು ಎಂದು ಭವಿಷ್ಯತ್ಕಾಲದಲ್ಲಿಯೇ ಹೇಳಿದೆ. ಆ ಪಟ್ಟಿ ಗುಪ್ತರ ಆರಂಭಕಾಲಕ್ಕೆ ಬಂದು ನಿಲ್ಲುತ್ತದೆ. ಪಾರ್ಗಿಟರ್ ಎಂಬ ವಿದ್ವಾಂಸನು ೧೯೧೩ರಲ್ಲಿ ಈ ಭಾಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದನು. ಹೊರದೇಶಗಳಲ್ಲಿಯೂ ಹೀಗೆಯೇ. ರೋಮಿನ ಕವಿ ವರ್ಜಿಲನು ತನ್ನ ಮಹಾಕಾವ್ಯದಲ್ಲಿ ಆಗಸ್ಟಸ್ ಚಕ್ರವರ್ತಿಯ ವೈಭವವನ್ನು ನೂರಾರು ವರ್ಷ ಹಿಂದಿನ ಪಿತೃವೊಬ್ಬನ ಬಾಯಿಂದ ಭವಿಷ್ಯವಾಗಿ ನುಡಿಸಿದನು. ಚಕ್ರವರ್ತಿ ಆಗಲೇ ಸಿಂಹಾಸನದ ಮೇಲಿದ್ದನು. ಪಾರಸಿಕರ ಸೈರಸನು ಕ್ರಿ.ಪೂ. ೫೩೯ರಲ್ಲಿ ಬಾಬಿಲೋನನ್ನು ಗೆದ್ದಾಗ, ಆ ನಗರದ ದೇವನಾದ ಮಾರ್ದುಕನೇ ಅವನನ್ನು ಆರಿಸಿದನೆಂದು ಜೇಡಿಮಣ್ಣಿನ ಶಾಸನವೊಂದು ಸಾರಿತು. ತಮ್ಮ ದೇವರೇ ಅವನನ್ನು ಆರಿಸಿದನೆಂದು ಯೆಹೂದ್ಯರು ಬರೆದುಕೊಂಡರು. ಗೆದ್ದವನು ಒಬ್ಬ, ಅವನನ್ನು ಕಳುಹಿಸಿದ ದೇವರು ಇಬ್ಬರು!

ಹಾಗಾದರೆ ಈ ಕಾಲಜ್ಞಾನಗಳು ಬರೀ ಸುಳ್ಳೇ? ಹಾಗೆಂದು ತಳ್ಳಿಹಾಕುವುದು ಅವಿವೇಕವಾದೀತು. ಯಾವ ಕಾಲದ ಮಾತನ್ನು ಹೇಳುತ್ತವೆಯೋ ಆ ಕಾಲಕ್ಕೆ ಅವು ಸಾಕ್ಷಿಯಲ್ಲ. ಯಾವ ಕಾಲದಲ್ಲಿ ಹುಟ್ಟಿದವೋ ಆ ಕಾಲಕ್ಕೆ ಪ್ರಬಲವಾದ ಸಾಕ್ಷಿ. ಈಗ ದೊರೆತಿರುವ ರೂಪದಲ್ಲಿ ವಿಜಯನಗರದ ಸ್ಥಾಪನೆಯ ಈ ಬಗೆಯ ಕಥನಗಳಲ್ಲಿ ಬಹುಪಾಲು ಹದಿನಾರನೆಯ ಶತಮಾನದವು ಅಥವಾ ಅದರಿಂದೀಚಿನವು. ಅಂದರೆ ವೈಭವ ತುದಿಮುಟ್ಟಿದ್ದ ಕಾಲ, ಅನಂತರ ಅದು ಕುಸಿದ ಕಾಲ. ಮನೆ ಗಟ್ಟಿಯಾಗಿ ನಿಂತಿರುವಾಗ ತಳಹದಿಯನ್ನು ಯಾರೂ ಅಗೆದು ನೋಡುವುದಿಲ್ಲ. ಗೋಡೆ ಬಿರುಕುಬಿಟ್ಟಾಗಲೇ ತಳಹದಿಯ ಚಿಂತೆ ಹುಟ್ಟುತ್ತದೆ.

ಇದಕ್ಕೆ ನಮ್ಮ ಪೆನುಗೊಂಡೆಯೇ ನಿದರ್ಶನ. ೧೫೬೫ರ ಜನವರಿ ೨೩ರಂದು ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಹತನಾದನು. ಅವನ ತಮ್ಮ ತಿರುಮಲನು ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಭಂಡಾರವನ್ನೂ ಜತೆಗೊಂಡು ಈ ಬೆಟ್ಟದ ಆಶ್ರಯಕ್ಕೆ ಬಂದನು. ಕೆಲವು ವರ್ಷಗಳ ತರುವಾಯ ತಾನೇ ಪಟ್ಟವೇರಿ ಅರವೀಡು ವಂಶದ ಆಳ್ವಿಕೆಯನ್ನು ಇಲ್ಲಿ ಆರಂಭಿಸಿದನು. ಸುಮಾರು ೧೬೦೦ರಲ್ಲಿ ಮಧುರೆಯ ನಾಯಕರ ಆಶ್ರಯದಲ್ಲಿ ‘ರಾಯವಾಚಕಮು’ ಎಂಬ ತೆಲುಗು ಗದ್ಯಗ್ರಂಥ ಹುಟ್ಟಿತು. ಕೃಷ್ಣದೇವರಾಯನ ಆಸ್ಥಾನದಲ್ಲಿ ನಡೆದುದನ್ನು ಪ್ರತ್ಯಕ್ಷ ಕಂಡು ವರದಿ ಮಾಡಿದಂತೆ ಅದನ್ನು ರಚಿಸಿದೆ. ವಿದ್ಯಾರಣ್ಯರು ನಗರವನ್ನು ಪ್ರತಿಷ್ಠಿಸಿದ ಕಥೆ ಅದರಲ್ಲಿಯೂ ಬರುತ್ತದೆ. ೧೯೯೩ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಫಿಲಿಪ್ ವ್ಯಾಗನರ್ ಅವರು ಅದರ ಇಂಗಿತವನ್ನು ಬಿಡಿಸಿ ತೋರಿಸಿದ್ದಾರೆ. ಸಾಮ್ರಾಜ್ಯದ ಶಕ್ತಿಯೆಲ್ಲ ಋಷಿಯು ಪ್ರತಿಷ್ಠಿಸಿದ ಆ ಒಂದೇ ನಗರದಲ್ಲಿ ಇತ್ತೆಂದಾದರೆ, ಆ ನಗರವನ್ನು ಬಿಟ್ಟುಬಂದ ಪೆನುಗೊಂಡೆಯ ಅರಸರಿಗೆ ಆ ಶಕ್ತಿ ಎಲ್ಲಿಯದು? ಹಾಗಿದ್ದಮೇಲೆ ಮಧುರೆಯ ನಾಯಕರು ಅವರಿಗೆ ತಲೆಬಾಗಬೇಕಾದುದೇಕೆ? ಋಷಿವಾಕ್ಯದ ಕಥೆ ಹೀಗೆ ರಾಜಕೀಯದ ವಾದವೂ ಆಯಿತು. ನಾವು ಮಕ್ಕಳಿಗೆ ಭಕ್ತಿಯಿಂದ ಹೇಳುವ ಕಥೆಯ ಒಂದು ಪಾಠ ನಮ್ಮ ಕಣ್ಣೆದುರಿನ ಕೋಟೆಯನ್ನೇ ಕೀಳುಗಳೆಯುವುದಕ್ಕೆ ಬಳಕೆಯಾಗಿತ್ತೆಂಬುದನ್ನು ತಿಳಿದಾಗ ನಾವೂ ಚಕಿತರಾದೆವು.

ಇದರಿಂದ ವಿದ್ಯಾರಣ್ಯರ ಘನತೆಗೆ ಎಳ್ಳಷ್ಟೂ ಕುಂದಿಲ್ಲ. ಶೃಂಗೇರಿಯ ಗುರುಗಳಾಗಿ, ವೇದಾಂತಗ್ರಂಥಗಳ ಕರ್ತೃಗಳಾಗಿ ಅವರು ನಿಂತ ಎತ್ತರಕ್ಕೆ ಮೊಲದ ಆಸರೆ ಬೇಕಾಗಿಲ್ಲ. ಆ ಕಾಲದ ಅರಸರೂ ಗುರುಪೀಠವೂ ಒಬ್ಬರನ್ನೊಬ್ಬರು ಗೌರವಿಸಿದ್ದು ಶಾಸನಸಿದ್ಧವಾದ ಮಾತು. ಪ್ರಶ್ನೆಯಿರುವುದು ದೈವದ ಹೆಸರಿನಲ್ಲಿ ಆಳಿದವರು ಆ ಹೆಸರಿನಿಂದ ಏನನ್ನು ಅಪೇಕ್ಷಿಸಿದರು ಎಂಬಲ್ಲಿ. ಇದಕ್ಕೆ ಉತ್ತರ ತಾಳೆಯೋಲೆಯಲ್ಲಿಲ್ಲ, ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಇದೆ.

ವಿಜಯನಗರದ ತಾಮ್ರಶಾಸನಗಳನ್ನು ನೋಡಿದವರಿಗೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಭಾಷೆ ಸಂಸ್ಕೃತ, ಲಿಪಿ ಸಾಮಾನ್ಯವಾಗಿ ನಂದಿನಾಗರಿ. ಆದರೆ ಕೊನೆಯಲ್ಲಿ ಅರಸನು ರುಜು ಹಾಕಬೇಕಾದ ಎಡೆಯಲ್ಲಿ ಅವನ ಹೆಸರಿಲ್ಲ. ದಪ್ಪವಾದ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿದೆ. ತಿರುಪತಿಯ ಪರಮಭಕ್ತನಾದ ಕೃಷ್ಣದೇವರಾಯನ ಶಾಸನಗಳಲ್ಲಿಯೂ ಅದೇ ಅಂಕಿತ. ರಾಜ್ಯ ದೇವರದು, ಅರಸನು ಅವನ ಪರವಾಗಿ ನಡೆಸುವವನು ಎಂಬುದು ಇದರ ಭಾವ. ತಿರುವಾಂಕೂರಿನ ಮಾರ್ತಾಂಡವರ್ಮನು ೧೭೫೦ರಲ್ಲಿ ತನ್ನ ರಾಜ್ಯವನ್ನು ಪದ್ಮನಾಭಸ್ವಾಮಿಗೆ ಅರ್ಪಿಸಿ ದಾಸನಾಗಿ ಆಳಿದ್ದೂ ಇದೇ ಜಾತಿಯ ನಡೆ. ಇದರಿಂದ ಅರಸನ ಅಧಿಕಾರಕ್ಕೆ ಹೊಳಪು ಬಂತೆಂಬುದು ನಿಜ. ಆದರೆ ಪರರ ಹೆಸರಿನಲ್ಲಿ ರುಜು ಹಾಕುವವನು ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

ಆ ಲೆಕ್ಕದ ಬರಹವೇ ಶಾಸನದ ಕೊನೆಯಲ್ಲಿ ಬರುವ ಶಾಪಾಶಯ. ನಮ್ಮ ಹಳ್ಳಿಗಳ ಅಂಚಿನಲ್ಲಿ, ಬೇವಿನ ಮರದ ಬುಡದಲ್ಲಿ, ಒಮ್ಮೊಮ್ಮೆ ಬಟ್ಟೆ ಒಗೆಯುವ ಚಪ್ಪಡಿಯಾಗಿಯೂ ಇಂಥ ಕಲ್ಲುಗಳು ಬಿದ್ದಿರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಮೇಲೆ ಸೂರ್ಯಚಂದ್ರರು, ನಡುವೆ ಲಿಂಗ, ಪಕ್ಕದಲ್ಲಿ ಹಸುಕರು. ಸೂರ್ಯಚಂದ್ರರಿರುವವರೆಗೆ ಈ ದತ್ತಿ ನಡೆಯಬೇಕು. ಇದನ್ನು ಕಾಪಾಡಿದವನಿಗೆ ಪುಣ್ಯ, ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ. ದಾನ ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಹೆಚ್ಚಿನದು. ಇದೂ ಭವಿಷ್ಯವಾಣಿಯೇ! ಆದರೆ ಕಾಲಜ್ಞಾನದ ಭವಿಷ್ಯಕ್ಕೂ ಇದಕ್ಕೂ ಅಜಗಜಾಂತರವಿದೆ. ಕಾಲಜ್ಞಾನವು ‘ಹೀಗೆ ಆಗುವುದು’ ಎನ್ನುತ್ತದೆ. ಶಾಸನವು ‘ತಪ್ಪಿದರೆ ಹೀಗೆ ಆಗುವುದು’ ಎನ್ನುತ್ತದೆ. ಮೊದಲನೆಯದು ಅಧಿಕಾರಕ್ಕೆ ತೊಡಿಸಿದ ಒಡವೆ, ಎರಡನೆಯದು ಅಧಿಕಾರಕ್ಕೆ ಹಾಕಿದ ಕಡಿವಾಣ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಭೇದವನ್ನೇ.

ಮೇಲೆ ಹೇಳಿದ ಗಂಗರ ಕಥೆಯಲ್ಲಿಯೂ ಈ ‘ತಪ್ಪಿದರೆ’ ಇದೆ. ಸಿಂಹನಂದಿ ಆಚಾರ್ಯರು ರಾಜ್ಯವನ್ನು ದೊರಕಿಸಿ ಸುಮ್ಮನಾಗಲಿಲ್ಲ. ಆಡಿದ ಮಾತಿಗೆ ತಪ್ಪಿದರೆ, ಪರಸ್ತ್ರೀಯನ್ನು ಬಯಸಿದರೆ, ಬೇಡಿ ಬಂದವರಿಗೆ ಕೊಡದಿದ್ದರೆ, ರಣದಿಂದ ಓಡಿದರೆ ನಿಮ್ಮ ಕುಲ ಕೆಡುವುದೆಂದು ಎಚ್ಚರಿಸಿದರೆಂದು ಶಾಸನ ಹೇಳುತ್ತದೆ. ನಾವು ಕಥೆಯನ್ನು ಹೇಳುವಾಗ ವರವನ್ನು ಉಳಿಸಿಕೊಂಡು ಷರತ್ತನ್ನು ಬಿಟ್ಟುಬಿಟ್ಟೆವು. ತಪ್ಪು ಕಥೆಯದಲ್ಲ, ಅರ್ಧ ಕಥೆ ಹೇಳಿದ ನಮ್ಮದು.

ಕಡಿವಾಣ ಬಿಗಿಯಾಗಿದ್ದ ಕಾಲದ ಒಂದು ನಿದರ್ಶನವನ್ನು ನೋಡೋಣ. ಪೆನುಗೊಂಡೆಯ ಕೋಟೆಯ ಬಾಗಿಲಲ್ಲಿರುವ ೧೩೫೪ರ ಶಾಸನದಿಂದ, ಒಂದನೆಯ ಬುಕ್ಕನು ಈ ಸೀಮೆಯನ್ನು ತನ್ನ ಮಗ ವಿರೂಪಣ್ಣನಿಗೆ ಒಪ್ಪಿಸಿದ್ದನೆಂದು ತಿಳಿಯುತ್ತದೆ. ಅದೇ ಬುಕ್ಕನ ಮುಂದೆ ೧೩೬೮ರಲ್ಲಿ ಒಂದು ದೂರು ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನವಿಸಿಕೊಂಡರು. ಶ್ರವಣಬೆಳಗೊಳದ ಶಾಸನದಲ್ಲಿ ಇದು ವಿಸ್ತಾರವಾಗಿ ದಾಖಲಾಗಿದೆ. ಅರಸನ ಸ್ವಂತ ದೈವ ವಿರೂಪಾಕ್ಷ, ದೂರಿದವರು ಸಂಖ್ಯೆಯಲ್ಲಿ ಸಣ್ಣವರು, ಎದುರಿಗಿದ್ದವರು ಪ್ರಬಲರು. ಬುಕ್ಕನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ತೀರ್ಪಿತ್ತನು. ಜೈನರ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೆಂದೇ ಭಾವಿಸತಕ್ಕದ್ದೆಂದು ವಿಧಿಸಿದನು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು, ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ಇರಿಸಿ, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿಸುವುದು ಎಂದು ವ್ಯವಸ್ಥೆಯಾಯಿತು. ಇದಕ್ಕೆ ತಪ್ಪಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ ಎಂದು ಶಾಸನ ಮುಗಿಯುತ್ತದೆ.

ದೈವಾನುಗ್ರಹವೆಂದರೆ ಇದಲ್ಲದೆ ಮತ್ತೇನು? ಯಾವ ಋಷಿಯೂ ಈ ದಿನವನ್ನು ಮುನ್ನ ನುಡಿದಿರಲಿಲ್ಲ. ಒಬ್ಬ ಅರಸನು ತನ್ನ ಮುಂದೆ ಬಂದ ದೂರನ್ನು ಕೇಳಿ, ಎರಡು ಕೈಗಳನ್ನು ಕೂಡಿಸಿದನು. ಅರಸರು ಧರಿಸಿದ ಬಿರುದುಗಳಲ್ಲಿ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬುದೊಂದಿದೆ. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಂಡಿಸುವವನು ಎಂದು ಅದರ ಅರ್ಥ. ಅಂಥ ಬಿರುದನ್ನು ಧರಿಸಿದವನು ತಾನೇ ಮಾತಿಗೆ ತಪ್ಪಿದರೆ ಆ ಬಿರುದೇ ಅವನ ಮೇಲೆ ತಿರುಗಿ ಬೀಳುತ್ತದೆ.

ದೈವದ ವಂಶವೆಂಬ ಹೆಮ್ಮೆ ಮಾತ್ರದಿಂದ ರಾಜ್ಯ ನಿಲ್ಲದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹಳೆಯ ಮಡಕಶಿರ ತಾಲ್ಲೂಕಿನ ಹೇಮಾವತಿ, ಅಂದಿನ ಹೆಂಜೇರು, ನೊಳಂಬ ಅರಸರ ರಾಜಧಾನಿ. ಮೂವತ್ತೆರಡು ಸಾಸಿರವೆಂದು ಖ್ಯಾತವಾದ ನೊಳಂಬವಾಡಿಯನ್ನು ಅವರು ಅಲ್ಲಿಂದ ಆಳಿದರು. ಅಲ್ಲಿಯ ಕಂಬಶಾಸನವು ಅವರ ವಂಶವನ್ನು ತ್ರಿನಯನ ಪಲ್ಲವನಿಂದ, ಈಶ್ವರನ ಅನ್ವಯದಿಂದ ಇಳಿಸಿ ಹೇಳುತ್ತದೆ. ಆದರೂ ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಅವರನ್ನು ಸೋಲಿಸಿ ‘ನೊಳಂಬಕುಲಾಂತಕ’ನೆಂದು ಕರೆಯಿಸಿಕೊಂಡನು. ತರುವಾಯ ಬಂದ ಚೋಳರು ಅವರ ಅಂದವಾದ ಕಂಬಗಳನ್ನು ಕಾವೇರಿಯ ತೀರಕ್ಕೆ ಸಾಗಿಸಿದರು. ಅವು ಇಂದಿಗೂ ತಿರುವಯ್ಯಾರಿನ ದೇವಾಲಯದಲ್ಲಿವೆ. ಹೋದದ್ದು ಅಧಿಕಾರ, ಉಳಿದದ್ದು ಹೆಂಜೇರಪ್ಪನ ಗುಡಿ. ಇಂದಿಗೂ ನಮ್ಮ ಜನ ಅವನಿಗೆ ಕೈಮುಗಿಯುತ್ತಾರೆ.

ಈ ಬೆಳಕಿನಲ್ಲಿ ೧೫೬೫ನ್ನು ನೋಡಬೇಕು. ಆ ಸೋಲಿಗೆ ಕಾರಣಗಳು ಹಲವು. ಅಹಮದ್‌ನಗರದ ಫಿರಂಗಿಗಳು ಒಂದು ಕಾರಣ. ನಾಲ್ವರು ಸುಲ್ತಾನರು ಒಂದಾದುದು ಮತ್ತೊಂದು. ಅವರು ಒಂದಾದುದೇಕೆ? ರಾಮರಾಯನು ಸಮರ್ಥನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಮ್ಮೆ ಒಬ್ಬ ಸುಲ್ತಾನನ ಪಕ್ಷ, ಮತ್ತೊಮ್ಮೆ ಇನ್ನೊಬ್ಬನ ಪಕ್ಷ ವಹಿಸಿ ಅವರನ್ನು ಪರಸ್ಪರ ಕಾದಾಡಿಸಿದ ಅವನ ನೀತಿ ಕೊನೆಗೆ ಯಾರೂ ಅವನನ್ನು ನಂಬದಂತೆ ಮಾಡಿತು. ಮನೆಯೊಳಗೆ ನಿಜವಾದ ಅರಸ ಸದಾಶಿವರಾಯನು ಸೆರೆಯಾಳಿನಂತಿದ್ದನು. ಶಾಸನದ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿತ್ತು. ಆಳ್ವಿಕೆಯ ನಡುವೆ ‘ಭಾಷೆ’ ಸಡಿಲವಾಗಿತ್ತು. ಅರವೀಡು ಅರಸರ ಕಾಲದಲ್ಲಿ ಅಂಕಿತವೂ ಬದಲಾಗಿ ‘ಶ್ರೀ ವೆಂಕಟೇಶ’ ಎಂದಾಯಿತು. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ರಾಜಧಾನಿ ಪೆನುಗೊಂಡೆಯಿಂದ ಚಂದ್ರಗಿರಿಗೆ ಸಾಗಿತ್ತು. ಹದಿನೇಳನೆಯ ಶತಮಾನದ ನಡುವೆ ಸಾಮ್ರಾಜ್ಯ ಹೆಸರಿಗೆ ಮಾತ್ರ ಉಳಿಯಿತು. ಹಂಪೆಯ ಅರಮನೆಗಳು ಸುಟ್ಟುಹೋದವು, ವಿರೂಪಾಕ್ಷನಿಗೆ ಮಾತ್ರ ಇಂದಿಗೂ ಪೂಜೆ ನಡೆಯುತ್ತಿದೆ. ದೇವರು ಅರಸನ ಆಸರೆಯಿಂದ ನಿಂತವನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಭವಿಷ್ಯವಾಣಿ ಅರಸರಿಗೆ ಆಸರೆಯಾಗದೆಂಬುದಕ್ಕೆ ಗ್ರೀಕರ ಹಳೆಯ ಕಥೆಯೊಂದಿದೆ. ಲಿಡಿಯಾದ ದೊರೆ ಕ್ರೀಸಸನು ಡೆಲ್ಫಿಯ ದೇವಸ್ಥಾನದಲ್ಲಿ ಯುದ್ಧದ ಫಲವನ್ನು ಕೇಳಿಸಿದನು. ನದಿ ದಾಟಿದರೆ ದೊಡ್ಡ ರಾಜ್ಯವೊಂದು ಅಳಿಯುವುದೆಂದು ಉತ್ತರ ಬಂತು. ಅವನು ದಾಟಿದನು. ಅಳಿದದ್ದು ಅವನದೇ ರಾಜ್ಯ. ಗೆದ್ದವನು ಮೇಲೆ ಹೇಳಿದ ಸೈರಸ್. ಕೇಳುವವನು ತನಗೆ ಬೇಕಾದುದನ್ನೇ ಕೇಳಿಸಿಕೊಳ್ಳುವನೆಂಬುದು ಇದರ ನೀತಿ.

ಜನಸಾಮಾನ್ಯರ ಭವಿಷ್ಯವಾಣಿ ಬೇರೆ ಬಗೆಯದು. ಹೂವಿನಹಡಗಲಿಯ ಕಡೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಒಂದೇ ಪುಟ್ಟ ವಾಕ್ಯ. ಅದರಲ್ಲಿ ಜನರು ಮೊದಲು ಹುಡುಕುವುದು ಮಳೆಯನ್ನು, ಬೆಳೆಯನ್ನು. ಇನ್ನು ಅನ್ಯಾಯಕ್ಕೀಡಾದವರ ಭವಿಷ್ಯವಾಣಿಯೆಂದರೆ ಶಾಪ. ೧೬೧೦ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ಆ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಒಡವೆಗಳೊಡನೆ ಕಾವೇರಿಗೆ ಹಾರುವಾಗ ಕೊಟ್ಟಳೆನ್ನುವ ಶಾಪವನ್ನು ಕನ್ನಡನಾಡು ಮರೆತಿಲ್ಲ. ಅದು ಚರಿತ್ರೆಯಾಗಿ ಸಿದ್ಧವಾದ ಮಾತಲ್ಲ. ಆದರೂ ಗೆದ್ದವರಿಗೆ ಒಂದು ಲೆಕ್ಕವಿದೆಯೆಂದು ನಂಬುವ ಜನಮನದ ಶಾಸನವದು.

ನಮಗೆ, ಗಡಿನಾಡಿನ ಕನ್ನಡಿಗರಿಗೆ, ಈ ವಿವೇಚನೆ ಹೆಚ್ಚು ಅವಶ್ಯಕ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅನಂತಪುರ ಜಿಲ್ಲೆಯೊಡನೆ ಮಡಕಶಿರವೂ ಆಂಧ್ರದಲ್ಲಿ ಉಳಿಯಿತು. ೨೦೨೨ರಲ್ಲಿ ಜಿಲ್ಲೆಗಳ ಗೆರೆ ಮತ್ತೆ ಬದಲಾಗಿ ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇದನ್ನು ಯಾವ ಕಾಲಜ್ಞಾನಿಯೂ ನುಡಿದಿರಲಿಲ್ಲ. ಹೀಗೆ ಗೆರೆಗಳು ಸರಿದಾಡುವ ಸೀಮೆಯಲ್ಲಿ ಬಾಳುವವರಿಗೆ ಹಳೆಯ ವೈಭವದ ಕಥೆ ಬಲು ಸಿಹಿ. ವೀರವಸಂತರಾಯನು ಬಂದು ಎಲ್ಲವನ್ನೂ ಸರಿಪಡಿಸುವನೆಂದು ಕನ್ನಡದ ಕಾಲಜ್ಞಾನಗಳೂ ತೆಲುಗಿನ ಕಾಲಜ್ಞಾನವೂ ಹೇಳುತ್ತವೆ. ನೊಂದ ಕಾಲದ ಜನರಿಗೆ ಆ ಭರವಸೆ ಉಸಿರಾಗಿದ್ದಿರಬಹುದು, ಅದನ್ನು ಹಳಿಯಲಾರೆವು. ಆದರೆ ಬರುವವನನ್ನು ಕಾಯುತ್ತ ಕುಳಿತವರ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋಗುತ್ತಾರೆ. ಊರಂಚಿನ ಶಾಸನದ ಅಕ್ಷರ ಸವೆಯುತ್ತ ಹೋಗುತ್ತದೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಮೊಲದ ಕಥೆಯನ್ನು ಬಿಡಬೇಡಿ, ಮಕ್ಕಳು ಅದನ್ನು ಕೇಳಲಿ. ಆದರೆ ಕಥೆ ಮುಗಿದ ಮೇಲೆ ಅದನ್ನು ಯಾರು, ಯಾವಾಗ ಬರೆದರೆಂಬುದನ್ನೂ ಹೇಳಿ. ಅದರ ಪಕ್ಕದಲ್ಲಿಯೇ ೧೩೬೮ರ ತೀರ್ಪನ್ನು ಇರಿಸಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು ಬಿನ್ನಹ. ನಿಮ್ಮ ಊರಿನ ಕಲ್ಲನ್ನು ನೀರಿನಿಂದ ತೊಳೆದು, ಅದರ ಅಕ್ಷರಗಳನ್ನು ಕಂಡಷ್ಟು ಬರೆದುಕೊಳ್ಳಿ. ಸುಣ್ಣ ಬಳಿಯಬೇಡಿ, ಉಳಿ ಮುಟ್ಟಿಸಬೇಡಿ. ಅದರ ಕೊನೆಯ ಸಾಲುಗಳಲ್ಲಿ ‘ತಪ್ಪಿದರೆ’ ಎಂಬ ಮಾತು ನಿಮಗೆ ಸಿಕ್ಕೀತು.

ಪೆನುಗೊಂಡೆಯಲ್ಲಿ ಪ್ರಶ್ನೆ ಕೇಳಿದ ಹುಡುಗನು ಈಗ ಕಾಲೇಜಿನಲ್ಲಿ ಓದುತ್ತಿರುವನೆಂದು ಕೇಳಿದ್ದೇವೆ. ಈ ಸಂಚಿಕೆ ಅವನ ಕೈಸೇರಿದರೆ ನಮ್ಮ ಉತ್ತರವಿಷ್ಟು: ಅಪ್ಪಾ, ಹಂಪೆ ಹಾಳಾಗುವುದು ಮುನ್ನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಂತೆ ಬರೆದವರು ಆಮೇಲೆ ಬಂದವರು. ಆದರೆ ಹಾಳಾಗದಂತೆ ನಡೆಯುವ ದಾರಿ ಆಳುವವರಿಗೆ ಗೊತ್ತಿತ್ತು. ಅದನ್ನು ಅವರೇ ಕಲ್ಲಿನ ಮೇಲೆ ಕೆತ್ತಿಸಿದ್ದರು.